ರ‍್ಯಾಫ್ಟಿಂಗಿಗೆ ಯಾವ ಕ್ಯಾಮೆರಾ? ತೂಕ ನೋಡುವ ಮೊದಲು ಜಾಗ ನೋಡಿ

ಬೆಂಗಳೂರಿನಿಂದ ರ‍್ಯಾಫ್ಟಿಂಗಿಗೆ ಹೊರಡುವವರ ದಾರಿ ಹೆಚ್ಚಾಗಿ ಮೂರು. ಶುಕ್ರವಾರ ರಾತ್ರಿ ಬಸ್ಸು ಹತ್ತಿ ದಾಂಡೇಲಿ, ಅಲ್ಲಿಂದ ಗಣೇಶಗುಡಿಯ ಕಾಳಿ ನದಿ. ಮಳೆಗಾಲವಾದರೆ ದಕ್ಷಿಣ ಕೊಡಗಿನ ಬರಪೊಳೆ. ರಜೆ ಕೂಡಿಟ್ಟುಕೊಂಡವರಾದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದೊಳಗೆ ಲಡಾಖಿನ ಝನ್ಸ್ಕಾರ್. ಮೊದಲೆರಡು ಕಡೆ ಕೆಲವು ಗಂಟೆಗಳ ಆಟ. ಸಂಜೆಗೆ ಕರೆಂಟು, ಬಿಸಿನೀರು, ಒಣ ಟವೆಲ್ ಎಲ್ಲ ಸಿಗುತ್ತವೆ. ಝನ್ಸ್ಕಾರಿನಲ್ಲಿ ಹಾಗಲ್ಲ. ಕಮರಿಯೊಳಗೆ ಇಳಿದ ಮೇಲೆ ನಿಮ್ಮೂ ಎಂಬ ಊರಿನ ಬಳಿ ಸಿಂಧೂ ನದಿ ಸೇರುವವರೆಗೆ ದಿನಗಟ್ಟಲೆ ನದಿ, ಬಂಡೆ, ಮರಳು, ಟೆಂಟು ಅಷ್ಟೇ.

ಎಲ್ಲರೂ ಕೇಳುವ ಪ್ರಶ್ನೆ "ಯಾವ ಕ್ಯಾಮೆರಾ ಹಗುರ?" ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ರ‍್ಯಾಫ್ಟಿನಲ್ಲಿ ಅದು ಎಲ್ಲಿ ಕೂರುತ್ತದೆ ಎಂಬುದನ್ನು. ಕ್ಯಾಮೆರಾಕ್ಕೆ ಇರುವುದು ಎರಡೇ ಜಾಗ. ಒಂದು ನಿಮ್ಮ ಮೈಮೇಲೆ, ಇನ್ನೊಂದು ಪಟ್ಟಿ ಬಿಗಿದು ಕಟ್ಟಿದ ಚೀಲದೊಳಗೆ. ಮೈಮೇಲಿದ್ದದ್ದು ನದಿಯನ್ನು ಹಿಡಿಯುತ್ತದೆ, ಚೀಲದಲ್ಲಿದ್ದದ್ದು ದಡವನ್ನು ಹಿಡಿಯುತ್ತದೆ. ಎರಡನ್ನೂ ಒಂದೇ ಕ್ಯಾಮೆರಾದಲ್ಲಿ ಮಾಡಲು ಹೋದವರ ಕ್ಯಾಮೆರಾ ಒಂದೋ ನೆನೆಯುತ್ತದೆ, ಇಲ್ಲವೇ ಚೀಲ ಬಿಟ್ಟು ಹೊರಗೇ ಬರುವುದಿಲ್ಲ.

ಮೈಮೇಲೆ ಇರುವುದು

ಫೋನು ಇದ್ದೇ ಇದೆ, ನೀರು-ಧೂಳು ತಡೆಯುವ ಮಟ್ಟ ಐಪಿ68 ಎಂದು ಬರೆದಿದೆ, ಸಾಲದೇ? ಸಾಲದು. ಐಪಿ ಪರೀಕ್ಷೆ ನಡೆಯುವುದು ಅಲುಗಾಡದ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ರ‍್ಯಾಪಿಡ್‌ನಲ್ಲಿ (ಬಂಡೆಗಳ ನಡುವೆ ನದಿ ಭೋರ್ಗರೆಯುವ ಜಾಗದಲ್ಲಿ) ನೀರು ಅಪ್ಪಳಿಸುವ ರೀತಿಗೂ ಆ ಪರೀಕ್ಷೆಗೂ ಸಂಬಂಧವಿಲ್ಲ. ಒಳಗಿನ ಅಂಟಿನ ಸೀಲು ವರ್ಷಗಳಲ್ಲಿ ಸಡಿಲವಾಗುತ್ತದೆ. ಒಮ್ಮೆ ಹೊರಗಡೆ ಡಿಸ್‌ಪ್ಲೇ ಬದಲಿಸಿದ ಫೋನಿನಲ್ಲಿ ಆ ಸೀಲನ್ನು ನಂಬುವ ಹಾಗೇ ಇಲ್ಲ. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಇದೆಲ್ಲ ಸರಿಯಿದ್ದರೂ ಒದ್ದೆ ಪರದೆ ಬೆರಳನ್ನು ಗುರುತಿಸುವುದಿಲ್ಲ, ನೀರಿನ ಹನಿಯನ್ನೇ ಬೆರಳೆಂದುಕೊಂಡು ಏನೇನೋ ತೆರೆಯುತ್ತದೆ. ಪಾರದರ್ಶಕ ಪೌಚಿನಲ್ಲಿ ಹಾಕಿ ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಬಹುದು, ಅದೂ ನೀರು ಶಾಂತವಾಗಿರುವಲ್ಲಿ ಮಾತ್ರ. ಬಸ್ ಟಿಕೆಟ್ಟು, ಯುಪಿಐ, ಮನೆಯವರ ನಂಬರು ಎಲ್ಲವೂ ಅದರಲ್ಲೇ ಇರುವಾಗ ಅದನ್ನು ನದಿಗೆ ಕೊಟ್ಟರೆ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾಕ್ಕೂ ಪರದಾಡಬೇಕು. ಫೋನನ್ನು ಚೀಲದಲ್ಲಿಡಿ.

ಉಳಿದದ್ದು ಆ್ಯಕ್ಷನ್ ಕ್ಯಾಮೆರಾ (ಮೈಗೋ ಹೆಲ್ಮೆಟ್ಟಿಗೋ ಸಿಕ್ಕಿಸುವ ಪುಟ್ಟ ವಿಡಿಯೊ ಕ್ಯಾಮೆರಾ) ಮತ್ತು ನೀರಿಗೆ ಜಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾ. ನಿಜವಾದ ಹೋಲಿಕೆ ಇವೆರಡರ ನಡುವೆ.

ಗೋಪ್ರೊ ಹೀರೊ 12 ಬ್ಯಾಟರಿ ಸೇರಿ 154 ಗ್ರಾಂ, ಯಾವ ಹೊರಕವಚವೂ ಇಲ್ಲದೆ 10 ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಡಿಜೆಐ ಆಸ್ಮೊ ಆ್ಯಕ್ಷನ್ 4 ತೂಕ 145 ಗ್ರಾಂ, 18 ಮೀಟರ್‌ವರೆಗೆ ತಡೆಯುತ್ತದೆ. ರ‍್ಯಾಫ್ಟಿಂಗಿಗೆ 10 ಮತ್ತು 18ರ ವ್ಯತ್ಯಾಸ ಲೆಕ್ಕಕ್ಕಿಲ್ಲ, ನೀವು ಮುಳುಗುವುದು ಲೈಫ್ ಜಾಕೆಟ್ ಬಿಟ್ಟಷ್ಟೇ. ಇವುಗಳ ಬಲ ಎಂದರೆ ಎರಡು ಕೈಯೂ ಪ್ಯಾಡಲ್ ಮೇಲಿರುವಾಗ ಓಡುತ್ತಿರುತ್ತವೆ. ದೌರ್ಬಲ್ಯವೆಂದರೆ ಲೆನ್ಸು ಬಹಳ ಅಗಲ, ನಿಜವಾದ ಜೂಮ್ ಇಲ್ಲ. ಮುಂದಿನ ಸಾಲಿನ ಗೆಳೆಯನ ಬೆನ್ನು ದೊಡ್ಡದಾಗಿ ಕಾಣುತ್ತದೆ. ಹತ್ತು ಮೀಟರ್ ಆಚೆಯ ಇನ್ನೊಂದು ರ‍್ಯಾಫ್ಟು ಅಲೆಯ ಮೇಲೆ ಎದ್ದು ನಿಂತಿದ್ದರೂ ಕಡಲೆಕಾಯಿ ಸಿಪ್ಪೆಯಷ್ಟೇ ಕಾಣುತ್ತದೆ.

ಒಎಂ ಸಿಸ್ಟಂನ ಟಫ್ ಟಿಜಿ-7 (2023ರಲ್ಲಿ ಬಂದದ್ದು, ಹಿಂದಿನ ಒಲಿಂಪಸ್ ಟಿಜಿ-6ರ ಮುಂದುವರಿಕೆ) 249 ಗ್ರಾಂ. 15 ಮೀಟರ್ ನೀರು, 2.1 ಮೀಟರ್ ಎತ್ತರದಿಂದ ಬಿದ್ದ ಪೆಟ್ಟು ತಡೆಯುವಂತೆ ಮಾಡಿದ್ದು. ಜೂಮ್ 35 ಮಿಮೀ ಫಿಲ್ಮಿನ ಲೆಕ್ಕದಲ್ಲಿ 25ರಿಂದ 100 ಮಿಮೀ ಸಮಾನ, ಎಂದರೆ ನಾಲ್ಕು ಪಟ್ಟು. ಅಗಲದ ತುದಿಯಲ್ಲಿ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್2, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲು ಸಿಗುತ್ತದೆ, ಒಂದು ಚಾರ್ಜಿಗೆ ಸುಮಾರು 330 ಚಿತ್ರ. ಕಮರಿಯ ನೆರಳಿನಲ್ಲಿ ಎಫ್2 ಉಪಯೋಗಕ್ಕೆ ಬರುತ್ತದೆ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಚಿಕ್ಕದು, ಹಾಗಾಗಿ ಜೂಮ್ ಪೂರ್ತಿ ಎಳೆದು ಸಂಜೆ ತೆಗೆದ ಚಿತ್ರ ಕಾಳುಕಾಳಾಗುತ್ತದೆ. ಇದನ್ನು ಬಳಸಲು ಪ್ಯಾಡಲ್ ಕೆಳಗಿಡಬೇಕು. ಎಂದರೆ ಗೈಡ್ "ಸ್ಟಾಪ್" ಅಂದಾಗ, ಎರಡು ರ‍್ಯಾಪಿಡ್‌ಗಳ ನಡುವೆ ಮಾತ್ರ.

ಕಾಳಿ, ಬರಪೊಳೆಗೆ ಆ್ಯಕ್ಷನ್ ಕ್ಯಾಮೆರಾ ಒಂದೇ ಸಾಕು. ಝನ್ಸ್ಕಾರಿಗೆ ಒಂದನ್ನೇ ಒಯ್ಯಬೇಕು ಎಂದಾದರೆ ನಮ್ಮ ಆಯ್ಕೆ ಟಫ್ ಕಾಂಪ್ಯಾಕ್ಟ್. ಅಲ್ಲಿ ದಿನದ ಬಹುಪಾಲು ನೀರು ಶಾಂತವಾಗಿ ಹರಿಯುತ್ತಿರುತ್ತದೆ, ರ‍್ಯಾಪಿಡ್ ನಡುನಡುವೆ ಬರುತ್ತದೆ. ಬಂಡೆಯ ಬಣ್ಣ ಬಣ್ಣದ ಪದರಗಳು, ಎತ್ತರದ ಗೊಂಪ (ಬೌದ್ಧ ಮಠ), ದಡದ ಮೇಕೆ, ಇವಕ್ಕೆಲ್ಲ ಸ್ವಲ್ಪವಾದರೂ ಜೂಮ್ ಬೇಕು.

ಎಲ್ಲಿ ಸಿಕ್ಕಿಸುವುದು

ಆ್ಯಕ್ಷನ್ ಕ್ಯಾಮೆರಾ ಕೊಂಡವರು ಎಡವುವುದು ಇಲ್ಲಿ. ಎದೆಪಟ್ಟಿ ಬೈಕಿಗೆ ಚೆಂದ, ರ‍್ಯಾಫ್ಟಿಗಲ್ಲ. ದಪ್ಪ ಲೈಫ್ ಜಾಕೆಟ್ಟಿನ ಮೇಲೆ ಪಟ್ಟಿ ಕೂರುವುದಿಲ್ಲ. ಕೂತರೂ ನೀವು ಮುಂದಕ್ಕೆ ಬಾಗಿ ಹುಟ್ಟು ಹಾಕುವಾಗ ಅದಕ್ಕೆ ಕಾಣುವುದು ನಿಮ್ಮ ಮೊಣಕಾಲು. ಜಾಕೆಟ್ಟಿನ ಒಳಗಡೆ ಪಟ್ಟಿ ಕಟ್ಟಿಕೊಳ್ಳುವ ಯೋಚನೆಯಂತೂ ಬೇಡ, ಜಾಕೆಟ್ ಮೈಗೆ ಬಿಗಿಯಾಗಿ ಕೂರುವುದು ತಪ್ಪುತ್ತದೆ.

ಅಂಟಿಸುವ ಮೌಂಟ್ ಹಿಡಿಯಲು 24 ಗಂಟೆ ಬೇಕು, ಮೇಲ್ಮೈ ಒಣಗಿ ಶುಚಿಯಾಗಿರಬೇಕು. ಹೆಲ್ಮೆಟ್ಟು ನಿಮ್ಮ ಕೈಗೆ ಸಿಗುವುದು ನದಿ ದಡದಲ್ಲಿ, ಹಿಂದಿನ ತಂಡದ ಬೆವರಿನ ಸಮೇತ. ಅದಕ್ಕೆ ಅಂಟಿಸಿದ್ದು ಮೊದಲ ಅಲೆಗೇ ಕಿತ್ತುಬರುತ್ತದೆ. ಹಾಗಾಗಿ ಗಾಳಿಕಿಂಡಿಗಳ ಮೂಲಕ ತೂರಿಸಿ ಬಿಗಿಯುವ ಪಟ್ಟಿ ಮೌಂಟ್ ತೆಗೆದುಕೊಳ್ಳಿ, ಸೈಕಲ್ ಹೆಲ್ಮೆಟ್ಟಿಗೆ ಬಳಸುವಂಥದ್ದು. ಕಿಂಡಿಗಳಿಲ್ಲದ ಹೆಲ್ಮೆಟ್ ಸಿಕ್ಕರೆ ಜಾಕೆಟ್ಟಿನ ಭುಜಪಟ್ಟಿಗೆ ಕಚ್ಚುವ ಕ್ಲಿಪ್. ಕ್ಯಾಮೆರಾ ಹಣೆಯ ಮೇಲೆ ಗೋಪುರದಂತೆ ಎದ್ದು ನಿಲ್ಲಬಾರದು. ಎತ್ತರ ಹೆಚ್ಚಿದಷ್ಟೂ ನೀರಿಗೆ ಬಿದ್ದಾಗ ಹಗ್ಗಕ್ಕೋ ಕೊಂಬೆಗೋ ಸಿಕ್ಕಿಕೊಳ್ಳುವ ಸಂಭವ ಹೆಚ್ಚು.

ಕ್ಯಾಮೆರಾ ನೀರಲ್ಲಿ ಮುಳುಗುತ್ತದೆ ಎಂದು ಕೊರಳಿಗೆ ದಾರ ಹಾಕಿಕೊಳ್ಳುವುದು ಅಪಾಯ. ಮಗುಚಿದ ರ‍್ಯಾಫ್ಟಿನ ಕೆಳಗೆ ಆ ದಾರವೇ ಉರುಳಾಗಬಹುದು. ಹೆಲ್ಮೆಟ್ಟಿನ ಕ್ಯಾಮೆರಾವನ್ನು ಹೆಲ್ಮೆಟ್ಟಿಗೇ ಗೇಣುದ್ದದ ದಾರದಿಂದ ಕಟ್ಟಿ, ಎಲ್ಲಿಯೂ ದೊಡ್ಡ ಕುಣಿಕೆ ಉಳಿಯದ ಹಾಗೆ. ಟಫ್ ಕಾಂಪ್ಯಾಕ್ಟಿಗೆ ಮಣಿಕಟ್ಟಿನ ತೇಲುಪಟ್ಟಿ ಹಾಕಿ, ಕಿತ್ತಳೆ ಅಥವಾ ಹಳದಿ ಬಣ್ಣದ್ದು, ಜೋರಾಗಿ ಎಳೆದರೆ ಕೈಯಿಂದ ಜಾರಿ ಬರುವಂಥದ್ದು. ಬಳಸದಿರುವಾಗ ಜಾಕೆಟ್ಟಿನ ಜಿಪ್ ಇರುವ ಜೇಬಿನಲ್ಲಿರಲಿ. ಸೆಲ್ಫಿ ಕೋಲು ಮನೆಯಲ್ಲೇ ಇರಲಿ. ರ‍್ಯಾಪಿಡ್‌ನಲ್ಲಿ ಅದು ಪಕ್ಕದವರ ಹಲ್ಲು ಮುರಿಯುವ ಸಾಧನ. ಯಾವ ಮೌಂಟ್ ಇರಬೇಕು, ಯಾವುದು ಬೇಡ ಎಂಬುದರಲ್ಲಿ ಗೈಡ್ ಹೇಳಿದ್ದೇ ಅಂತಿಮ.

ಸೆಟ್ಟಿಂಗ್ ವಿಷಯ ಚಿಕ್ಕದು. ಶಾಂತ ನೀರಿನಲ್ಲಿ 4ಕೆ ವಿಡಿಯೊ ಸೆಕೆಂಡಿಗೆ 30 ಫ್ರೇಮ್, ರ‍್ಯಾಪಿಡ್‌ಗೆ 60 ಫ್ರೇಮ್. ವೈ-ಫೈ, ಧ್ವನಿ ಆಜ್ಞೆ ಎರಡೂ ಆಫ್. ನೀರಿನ ಸದ್ದಿನಲ್ಲಿ ಅದಕ್ಕೆ ನಿಮ್ಮ ಮಾತು ಕೇಳಿಸುವುದಿಲ್ಲ. ಒಂದೇ ಗುಂಡಿಯಲ್ಲಿ ಆನ್ ಆಗಿ ರೆಕಾರ್ಡ್ ಶುರುವಾಗುವ ಆಯ್ಕೆ ಹಾಕಿಡಿ, ಪರದೆಗೆ ಲಾಕ್ ಹಾಕಿ. ಲೆನ್ಸಿನ ಮೇಲೆ ಹನಿ ಕೂತು ಇಡೀ ವಿಡಿಯೊ ಹಾಳಾಗುವುದು ಸಾಮಾನ್ಯ. ಅದಕ್ಕೆ ಹಳೇ ಉಪಾಯ ಇದೆ: ರ‍್ಯಾಪಿಡ್‌ಗೆ ಮೊದಲು ಲೆನ್ಸಿನ ಗಾಜನ್ನು ನಾಲಿಗೆಯಿಂದ ನೆಕ್ಕಿ, ಒರೆಸಬೇಡಿ. ಎಂಜಲಿನ ತೆಳು ಪದರದ ಮೇಲೆ ನೀರು ಹನಿಯಾಗದೆ ಹಾಳೆಯಂತೆ ಹರಡಿ ಇಳಿದುಹೋಗುತ್ತದೆ. ಹೆಬ್ಬೆರಳಿನಿಂದ ಒರೆಸಿದರೆ ಸನ್‌ಸ್ಕ್ರೀನಿನ ಜಿಡ್ಡು ಗಾಜಿಗೆ ಮೆತ್ತಿ ಇನ್ನೂ ಕೆಡುತ್ತದೆ.

ಚೀಲದೊಳಗಿನದು

ಕಾಳಿ, ಬರಪೊಳೆಗೆ ದೊಡ್ಡ ಕ್ಯಾಮೆರಾ ಒಯ್ದರೆ ಅದು ರೂಮಿನಲ್ಲೇ ಉಳಿಯಲಿ. ದಾಂಡೇಲಿಯ ಮಂಗಟ್ಟೆ ಹಕ್ಕಿಗೆ ಅದು ಬೇಕಾದೀತು, ನದಿಗಲ್ಲ. ಈ ಭಾಗ ಝನ್ಸ್ಕಾರಿನಂಥ ದಿನಗಟ್ಟಲೆಯ ಯಾತ್ರೆಗೆ.

ನಿಕಾನ್ ಡಿ850 ಬಾಡಿ ಬ್ಯಾಟರಿ, ಕಾರ್ಡು ಸೇರಿ 1,005 ಗ್ರಾಂ. ಅದರ ವಿಆರ್ (ಕೈ ಅಲುಗಾಟ ತಗ್ಗಿಸುವ ವ್ಯವಸ್ಥೆ) ಇರುವ 24–70 ಎಫ್2.8 ಲೆನ್ಸು 1,070 ಗ್ರಾಂ. ಒಟ್ಟು ಎರಡು ಕಿಲೊ ದಾಟಿತು. ಕ್ಯಾನನ್ ಆರ್50 ಬ್ಯಾಟರಿ, ಕಾರ್ಡು ಸೇರಿ 375 ಗ್ರಾಂ. 18–150 ಲೆನ್ಸು 310 ಗ್ರಾಂ, ಒಟ್ಟು 685. ಒಎಂ ಸಿಸ್ಟಂನ ಒಎಂ-5 ಬಾಡಿ ಬ್ಯಾಟರಿ, ಕಾರ್ಡು ಸೇರಿ 414 ಗ್ರಾಂ, 14–150 ಲೆನ್ಸು 285 ಗ್ರಾಂ, ಒಟ್ಟು 699, ವ್ಯಾಪ್ತಿ 28ರಿಂದ 300 ಮಿಮೀ ಸಮಾನ. ಕೊನೆಯ ಎರಡರ ತೂಕ ಹೆಚ್ಚುಕಡಿಮೆ ಒಂದೇ. ಆರ್50ರಲ್ಲಿ ಸೆನ್ಸರ್ ಸ್ವಲ್ಪ ದೊಡ್ಡದು, ಆದರೆ ನೀರು-ಧೂಳಿಗೆ ಸೀಲು ಇಲ್ಲ. ಒಎಂ-5ಗೆ ಐಪಿ53 ಇದೆ, ಅದೂ ಲೆನ್ಸಿಗೂ ಅಂಥದೇ ಸೀಲು ಇದ್ದರೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಐಪಿ53 ಎಂಬುದನ್ನು ತಪ್ಪು ತಿಳಿಯಬೇಡಿ. ಕೊನೆಯ 3ರ ಅರ್ಥ, ನೆಟ್ಟಗೆ ಮೇಲಿನಿಂದ 60 ಡಿಗ್ರಿಯವರೆಗೆ ಓರೆಯಾಗಿ ಬೀಳುವ ಸಿಂಪಡಿಕೆ ತಡೆಯುತ್ತದೆ ಎಂದು. ರ‍್ಯಾಫ್ಟಿನಲ್ಲಿ ನೀರು ಕೆಳಗಿನಿಂದಲೂ ಪಕ್ಕದಿಂದಲೂ ಬರುತ್ತದೆ. ಹಾಗಿದ್ದರೆ ಆ ಸೀಲು ಏತಕ್ಕೆ? ಶಿಬಿರದ ಧೂಳಿಗೆ. ಝನ್ಸ್ಕಾರಿನ ದಡದ ಮಣ್ಣು ಗೋದಿ ಹಿಟ್ಟಿನಷ್ಟು ನುಣ್ಣಗಿರುತ್ತದೆ, ಮಧ್ಯಾಹ್ನದ ಗಾಳಿಗೆ ಎದ್ದು ಎಲ್ಲದರೊಳಗೂ ಹೊಗುತ್ತದೆ. ಲೆನ್ಸ್ ಬದಲಿಸದೆ ಒಂದೇ ಉದ್ದ ಜೂಮ್‌ನಲ್ಲಿ ಯಾತ್ರೆ ಮುಗಿಸಿ ಎನ್ನುವುದೂ ಇದಕ್ಕೇ. ಚುರುಕು ಪ್ರೈಮ್ ಲೆನ್ಸನ್ನು (ಜೂಮ್ ಇಲ್ಲದ, ಹೆಚ್ಚು ಬೆಳಕು ಹಿಡಿಯುವಂಥದ್ದು) ನಕ್ಷತ್ರಕ್ಕೆಂದು ಒಯ್ಯುವ ಆಸೆಯಿದ್ದರೆ ಅದನ್ನು ಟೆಂಟಿನೊಳಗೆ, ಜಿಪ್ ಎಳೆದುಕೊಂಡು ಬದಲಿಸಿ.

ಪೆಟ್ಟಿಗೆಯ ವಿಷಯಕ್ಕೆ ಬಂದರೆ ಮೂಗಿಗಿಂತ ಮೂಗುತಿ ಭಾರ. 699 ಗ್ರಾಮಿನ ಕ್ಯಾಮೆರಾವನ್ನು ಹಿಡಿಸುವ ಪೆಲಿಕನ್ 1200 ಗಟ್ಟಿ ಪೆಟ್ಟಿಗೆ ಫೋಮ್ ಸೇರಿ ಸುಮಾರು 1.3 ಕಿಲೊ. ಆದರೂ ಇದರ ಪರವಾಗಿ ಎರಡು ಮಾತಿವೆ. ರ‍್ಯಾಫ್ಟು ಬಂಡೆಗೆ ಬಡಿದಾಗ, ಮೇಲೆ ಇನ್ನೊಂದು ಮೂಟೆ ಬಿದ್ದಾಗ ಒಳಗಿನದಕ್ಕೆ ಏನೂ ಆಗುವುದಿಲ್ಲ. ಎರಡನೆಯದು, ಎರಡು ಚಿಲಕ ಬಿಚ್ಚಿದರೆ ಕ್ಯಾಮೆರಾ ಕೈಯಲ್ಲಿ.

ಹಗುರದ ದಾರಿ ಡ್ರೈ ಬ್ಯಾಗ್, ಎಂದರೆ ಬಾಯಿ ಸುತ್ತಿ ಮುಚ್ಚುವ, ನೀರು ತಡೆಯುವ ಚೀಲ. ಡೆಕಥ್ಲಾನ್‌ನಂಥ ಕಡೆ ಸಿಗುವ ಹತ್ತು ಲೀಟರಿನದು ಸಾಕು. ಆದರೆ ಬಾಯಿ ಸುತ್ತುವ ಚೀಲಗಳು ಎರಚಲಿಗೆ, ಒಂದೆರಡು ಕ್ಷಣದ ಮುಳುಗಿಗೆ ಮಾಡಿದವು. ರ‍್ಯಾಫ್ಟಿನ ತಳದಲ್ಲಿ ತೂತುಗಳಿದ್ದು ನೀರು ತಾನೇ ಹರಿದುಹೋದರೂ, ತಳದಲ್ಲಿಟ್ಟ ಚೀಲ ದಿನವಿಡೀ ಒಂದಿಷ್ಟು ನೀರಲ್ಲೇ ಕೂತಿರುತ್ತದೆ. ಚೀಲ ಸೋರುವುದು ಬಹುಪಾಲು ಎರಡೇ ಕಾರಣಕ್ಕೆ: ತುಂಬಿಸಿ ತುಂಬಿಸಿ ಬಾಯನ್ನು ಒಂದೇ ಸುತ್ತು ಸುತ್ತಿರುತ್ತಾರೆ, ಇಲ್ಲವೇ ಮಡಿಕೆಯಲ್ಲಿ ಮರಳು ಸಿಕ್ಕಿಕೊಂಡಿರುತ್ತದೆ. ಬಾಯಿಯ ಪಟ್ಟಿಯನ್ನು ಒರೆಸಿ, ಅಂಚು ಅಂಚಿಗೆ ಕೂಡಿಸಿ, ಕನಿಷ್ಠ ಮೂರು ಸುತ್ತು ಬಿಗಿಯಾಗಿ ಸುತ್ತಿ ಬಕಲ್ ಹಾಕಿ. ಸ್ವಲ್ಪ ಗಾಳಿ ಒಳಗಿರಲಿ, ತೇಲುತ್ತದೆ.

ಇವೆರಡರ ನಡುವಿನ ದಾರಿಯೇ ಹೆಚ್ಚಿನವರಿಗೆ ಸರಿ. ಅಡುಗೆಮನೆಯ ನಾಲ್ಕು ಕಡೆ ಲಾಕ್ ಇರುವ, ಮುಚ್ಚಳದಲ್ಲಿ ಸಿಲಿಕೋನ್ ಉಂಗುರವಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹಳೇ ಯೋಗ ಮ್ಯಾಟಿನ ತುಂಡುಗಳು, ಇಡೀ ಡಬ್ಬಿ ಡ್ರೈ ಬ್ಯಾಗಿನೊಳಗೆ. ಪೆಟ್ಟು, ನೀರು ಎರಡಕ್ಕೂ ಎರಡು ಪದರ ಸಿಕ್ಕಿತು, ತೂಕ ಪೆಲಿಕನ್ನಿನ ಅರ್ಧವೂ ಆಗದು. ಹೊರಡುವ ಮುನ್ನ ಪರೀಕ್ಷೆ ಮಾಡಿ. ಡಬ್ಬಿಯಲ್ಲಿ ಟಿಶ್ಯೂ ಕಾಗದ ಹಾಕಿ ಮುಚ್ಚಿ ಬಕೆಟ್ಟಿನಲ್ಲಿ ಮುಳುಗಿಸಿ. ಎರಡು ಲೀಟರಿನ ಖಾಲಿ ಡಬ್ಬಿಯನ್ನು ನೀರು ಹೆಚ್ಚುಕಡಿಮೆ ಎರಡು ಕಿಲೊ ಬಲದಿಂದ ಮೇಲಕ್ಕೆ ನೂಕುತ್ತದೆ, ಆದ್ದರಿಂದ ಮೇಲೆ ರುಬ್ಬುಗುಂಡನ್ನೋ ಚಪ್ಪಡಿಯನ್ನೋ ಇಡಬೇಕಾಗುತ್ತದೆ. ಅರ್ಧ ಗಂಟೆ ಬಿಟ್ಟು ತೆಗೆದು ಹೊರಗೆ ಪೂರ್ತಿ ಒರೆಸಿ ಆಮೇಲೆ ತೆರೆಯಿರಿ. ಕಾಗದದ ಒಂದು ಮೂಲೆ ನೆಂದಿದ್ದರೂ ಆ ಡಬ್ಬಿ ಮತ್ತೆ ಹುರಿಗಡಲೆಗೇ ಇರಲಿ.

ಎತ್ತರದ್ದೂ ಒಂದು ಕಿರಿಕಿರಿ ಇದೆ. ಬೆಂಗಳೂರು ಸುಮಾರು 920 ಮೀಟರ್, ಲೇಹ್ ಸುಮಾರು 3,500. ಲೇಹ್‌ನಲ್ಲಿ ಮುಚ್ಚಿದ ಡಬ್ಬಿಯನ್ನು ಬೆಂಗಳೂರಿನಲ್ಲಿ ತೆರೆಯಲು ಹೋದರೆ ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಒತ್ತಡ ಸರಿದೂಗಿಸುವ ವಾಲ್ವ್ ಪೆಲಿಕನ್‌ನಲ್ಲಿದೆ, ಅಡುಗೆ ಡಬ್ಬಿಯಲ್ಲಿಲ್ಲ. ಪ್ರಯಾಣದಲ್ಲಿ ಒಂದು ಲಾಕ್ ಬಿಚ್ಚಿಡಿ.

ರ‍್ಯಾಫ್ಟಿನಲ್ಲಿ ಚೀಲವನ್ನು ಅಡ್ಡಲಾಗಿರುವ ಗಾಳಿದಿಂಬಿಗೋ ಚೌಕಟ್ಟಿಗೋ ಪಟ್ಟಿಯಿಂದ ಬಿಗಿಯಿರಿ. ಉದ್ದ ದಾರದಲ್ಲಿ ನೇತಾಡಬಾರದು. ಕ್ಯಾಮೆರಾ ಚೀಲ ಎಲ್ಲಕ್ಕಿಂತ ಮೇಲೆ, ಬಣ್ಣ ಬೇರೆ. ಸಂಜೆ ಹದಿನೈದು ಒಂದೇ ಬಣ್ಣದ ಚೀಲಗಳ ರಾಶಿಯಲ್ಲಿ ಹುಡುಕುವಷ್ಟರಲ್ಲಿ ಬೆಟ್ಟದ ಮೇಲಿನ ಬೆಳಕು ಆರಿರುತ್ತದೆ.

ಕರೆಂಟಿನ ಲೆಕ್ಕ

ಝನ್ಸ್ಕಾರಿನಲ್ಲಿ ನದಿಯ ಮೇಲೆ ಐದು ದಿನ ಎಂದು ಲೆಕ್ಕ ಹಾಕೋಣ. ಹೀರೊ 12 ಬ್ಯಾಟರಿ 1,720 ಮಿಲಿಆ್ಯಂಪ್ ಅವರ್, ಎಂದರೆ ಸುಮಾರು 6.6 ವ್ಯಾಟ್ ಅವರ್. ದಿನಕ್ಕೊಂದರಂತೆ 33. ಚೀಲದೊಳಗಿನ ಕ್ಯಾಮೆರಾಕ್ಕೆ ದಿನಕ್ಕೆ 5ರಂತೆ 25. ಏರೋಪ್ಲೇನ್ ಮೋಡಿನಲ್ಲಿರುವ ಫೋನಿಗೆ ಎರಡು ದಿನಕ್ಕೊಂದು ಚಾರ್ಜಿನಂತೆ 40ರ ಆಸುಪಾಸು. ಒಟ್ಟು 98. ಹೊರಡುವಾಗ ಎಲ್ಲ ತುಂಬಿರುವುದರಿಂದ ಸುಮಾರು 33 ಕಳೆಯಿರಿ, ಉಳಿದದ್ದು 65. 20,000ದ ಪವರ್ ಬ್ಯಾಂಕ್ ಮೇಲೆ 74 ವ್ಯಾಟ್ ಅವರ್ ಎಂದಿದ್ದರೂ ವೋಲ್ಟೇಜು ಏರಿಳಿಕೆಯಲ್ಲಿ ಕಳೆದು ಕೈಗೆ ಸಿಗುವುದು 48ರಷ್ಟು ಎಂದುಕೊಳ್ಳಿ. ಆದ್ದರಿಂದ 20,000ದ್ದು ಒಂದು, 10,000ದ್ದು ಒಂದು. ಎರಡೂ 100 ವ್ಯಾಟ್ ಅವರ್‌ಗಿಂತ ಕಡಿಮೆ ಇರುವುದರಿಂದ ವಿಮಾನದಲ್ಲಿ ಒಯ್ಯಬಹುದು. ಆದರೆ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಹಾಕಿದರೆ ಸೂಟ್‌ಕೇಸ್ ತೆರೆಸುತ್ತಾರೆ. ಸೋಲಾರ್ ಹಾಳೆ ಬೇಡ. ಕಮರಿಯಲ್ಲಿ ಬಿಸಿಲು ಬೀಳುವ ಹೊತ್ತಿಗೆ ನೀವು ನೀರಿನ ಮೇಲಿರುತ್ತೀರಿ. ರಾತ್ರಿ ಚಳಿಗೆ ಸೊರಗದಂತೆ ಬ್ಯಾಟರಿಗಳನ್ನು ಕಾಲುಚೀಲದಲ್ಲಿ ಹಾಕಿ ಮಲಗುವ ಚೀಲದೊಳಗಿಟ್ಟುಕೊಳ್ಳಿ.

ಕಾರ್ಡು: ಸೆಕೆಂಡಿಗೆ 60 ಮೆಗಾಬಿಟ್ ವಿಡಿಯೊ ಗಂಟೆಗೆ 27 ಜಿಬಿ ತಿನ್ನುತ್ತದೆ. ದಿನಕ್ಕೆ 40 ನಿಮಿಷ ಎಂದರೂ ಐದು ದಿನಕ್ಕೆ 90 ಜಿಬಿ. ಒಂದೇ 256ರ ಬದಲು ಎರಡು 128, ವಿಡಿಯೊಗೆ ಸಾಕಾಗುವ ವೇಗ ಸೂಚಿಸುವ ವಿ30 ಗುರುತಿನವು.

ಮಂಜು ಕಟ್ಟುವುದು

ಬರಪೊಳೆಯಲ್ಲಿ ಕ್ಯಾಮೆರಾ ಕೆಡುವುದಕ್ಕಿಂತ ಹೆಚ್ಚಾಗಿ ಚಿತ್ರ ಕೆಡುತ್ತದೆ. ಹೊರಗೆ ಒಂದು ಹನಿಯೂ ಇಲ್ಲ, ಲೆನ್ಸಿನ ಒಳಗಡೆ ಬಿಳಿ ಮಂಜು. ಸೋರಿದೆ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಸೋರಿರುವುದಿಲ್ಲ. ಜುಲೈ ಮಳೆಯಲ್ಲಿ ನದಿ ದಡದಲ್ಲಿ ನಿಂತು ಬ್ಯಾಟರಿ ಬಾಗಿಲು ತೆರೆದು ಮುಚ್ಚಿದಾಗ ಆ ಹಸಿ ಗಾಳಿ ಒಳಗೇ ಸೆರೆಯಾಗಿರುತ್ತದೆ. ರೆಕಾರ್ಡ್ ಮಾಡುವಾಗ ಕ್ಯಾಮೆರಾ ಒಳಗೆ ಬಿಸಿಯಾಗುತ್ತದೆ, ಹೊರಗಿನಿಂದ ನದಿ ಗಾಜನ್ನು ತಣ್ಣಗಾಗಿಸುತ್ತದೆ, ತೇವ ಗಾಜಿನ ಒಳಮೈ ಮೇಲೆ ಕೂರುತ್ತದೆ.

ಪರಿಹಾರ ಸುಲಭ, ಆದರೆ ಬೆಳಗ್ಗೆಯೇ ಆಗಬೇಕು. ಕಾರಿನ ಎಸಿಯನ್ನು ಹತ್ತು ನಿಮಿಷ ಹಾಕಿ, ಕ್ಯಾಮೆರಾ ಬಾಗಿಲು ತೆರೆದು ಆ ಒಣ ಗಾಳಿಯಲ್ಲಿಟ್ಟು, ತುಂಬಿದ ಬ್ಯಾಟರಿ, ಖಾಲಿ ಕಾರ್ಡು ಹಾಕಿ ಅಲ್ಲೇ ಮುಚ್ಚಿ. ಮುಚ್ಚುವ ಮುನ್ನ ರಬ್ಬರ್ ಅಂಚಿನ ಸುತ್ತ ಬೆರಳಾಡಿಸಿ. ಒಂದು ಕೂದಲೆಳೆ ಅಡ್ಡ ಬಿದ್ದಿದ್ದರೂ ನೀರಿಗೆ ದಾರಿಯಾಯಿತು. ಆಮೇಲೆ ರ‍್ಯಾಫ್ಟಿಂಗ್ ಮುಗಿಯುವವರೆಗೆ ಆ ಬಾಗಿಲು ತೆರೆಯಬೇಡಿ. ಎಸಿಯಿಂದ ಹೊರತಂದಾಗ ಹೊರಮೈ ಮೇಲೆ ಮಂಜು ಕೂರುತ್ತದೆ, ಅದು ಕೆಲವು ನಿಮಿಷದಲ್ಲಿ ತಾನೇ ಹೋಗುತ್ತದೆ.

ಕೊಳ್ಳುವುದೋ ಬಾಡಿಗೆಯೋ

ವರ್ಷಕ್ಕೊಮ್ಮೆ ನದಿಗೆ ಹೋಗುವವರಿಗೆ ಬಾಡಿಗೆಯೇ ಸರಿ, ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆ ಕೊಡುವವರಿಗೆ ಬರವಿಲ್ಲ. ಆದರೆ ಆ್ಯಕ್ಷನ್ ಕ್ಯಾಮೆರಾ ತೆಗೆದುಕೊಳ್ಳುವಾಗ ಒಂದು ನೋಡಲೇಬೇಕು. ಬೈಕ್ ವಿಡಿಯೊ ಮಾಡುವವರು ಓಡಿಸುತ್ತಲೇ ಚಾರ್ಜ್ ಮಾಡಲು ಪಕ್ಕದ ಬಾಗಿಲನ್ನು ಕೇಬಲ್ ತೂತಿರುವ ಬಾಗಿಲಿಗೆ ಬದಲಿಸಿರುತ್ತಾರೆ. ಆ ಬಾಗಿಲಿರುವ ಕ್ಯಾಮೆರಾ ನೀರು ತಡೆಯುವುದಿಲ್ಲ. ಅಂಗಡಿಯಲ್ಲೇ ತೆರೆದು, ರಬ್ಬರ್ ಸುತ್ತು ಪೂರ್ತಿ ಇದೆಯೇ, "ಟಕ್" ಎಂದು ಮುಚ್ಚಿಕೊಳ್ಳುತ್ತದೆಯೇ ನೋಡಿ. ನೀರು ಹೊಕ್ಕರೆ ಯಾರ ಖರ್ಚು ಎಂಬ ಸಾಲನ್ನು ಕರಾರಿನಲ್ಲಿ ಓದಿ ಸಹಿ ಹಾಕಿ. ಹಳೇ ಟಫ್ ಕಾಂಪ್ಯಾಕ್ಟ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ರಬ್ಬರ್ ಬದಲಿಸುವ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ. ಅದನ್ನು ವರ್ಷಕ್ಕೊಮ್ಮೆ ಬದಲಿಸಲು ತಯಾರಕರೇ ಹೇಳುತ್ತಾರೆ.

ಮತ್ತೊಂದು ಆಯ್ಕೆ ಏನನ್ನೂ ಒಯ್ಯದಿರುವುದು. ಕೆಲವು ಕಡೆ ಗೈಡ್ ಹೆಲ್ಮೆಟ್ಟಿನಲ್ಲೇ ಕ್ಯಾಮೆರಾ ಇರುತ್ತದೆ, ಜೊತೆಗೆ ಬರುವ ಕಯಾಕ್‌ನವರು ಮುಂದೆ ಹೋಗಿ ಚಿತ್ರ ತೆಗೆಯುತ್ತಾರೆ. ಅಲೆಯ ಮೇಲೆ ನಿಮ್ಮ ಮುಖ ಕಾಣುವ ಚಿತ್ರ ಸಿಗುವುದು ಅವರಿಂದಲೇ. ನಿಮ್ಮ ಕ್ಯಾಮೆರಾಕ್ಕೆ ನಿಮ್ಮ ಮುಖ ಕಾಣುವುದಿಲ್ಲ. ಬುಕ್ ಮಾಡುವಾಗಲೇ ಕೇಳಿ, ಪೂರ್ತಿ ಫೈಲು ಕೊಡುತ್ತಾರೋ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿಸಿ ಕಳಿಸುತ್ತಾರೋ ಎಂದು.

ವಾಪಸ್ ಬಂದ ರಾತ್ರಿ, ಬಾಗಿಲು ತೆರೆಯುವ ಮೊದಲೇ ಕ್ಯಾಮೆರಾವನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿಡಿ. ಗುಂಡಿಗಳನ್ನು ಒತ್ತಿ ಒತ್ತಿ ಬಿಟ್ಟರೆ ಕೆಳಗೆ ಸೇರಿದ ಮರಳು ಹೊರಬರುತ್ತದೆ. ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ತೆರೆಯಿರಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿಯ ಪುಡಿ ಪೋರ್ಟಿನೊಳಗೆ ಸೇರುವುದೊಂದೇ ಲಾಭ. ಬಣ್ಣ ಬದಲಿಸುವ ಸಿಲಿಕಾ ಜೆಲ್ ನೂರಿನ್ನೂರು ಗ್ರಾಂ ತಂದು ಬಟ್ಟೆಯಲ್ಲಿ ಕಟ್ಟಿ, ಅದೇ ಲಾಕ್ ಡಬ್ಬಿಯಲ್ಲಿ ಲೆನ್ಸಿನ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದಾಗ, ಇಲ್ಲವೇ ಕಿತ್ತಳೆಯದು ಹಸಿರಾದಾಗ, ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಹಳೇ ಬಣ್ಣಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅದನ್ನು ಅಡುಗೆಯ ಪಾತ್ರೆಯಲ್ಲಿ ಹಾಕಬೇಡಿ.